ಟಗರಿಗೆ ಕಟ್ಟಿದ ಕಂಬಳಿ ತುಂಡು

ಟ್ರಂಕಿನಲ್ಲಿ ಹುಡುಕುತ್ತಿದ್ದುದು ಒಂದು ಹಳೆಯ ಕೌದಿಯನ್ನು. ಕೈಗೆ ಸಿಕ್ಕಿದ್ದು ಕರಿ ಕಂಬಳಿಯ ತುಂಡು. ಒಂದು ಗೇಣು ಅಗಲ, ಒಂದು ಮೊಳ ಉದ್ದ, ನಾಲ್ಕು ಮೂಲೆಗೂ ಹೊಸೆದ ದಾರ. ಒಂದು ಅಂಚಿನಲ್ಲಿ ಇಲಿ ಕಡಿದ ಗುರುತು. ಇಷ್ಟು ವರ್ಷ ನುಸಿಗುಳಿಗೆಗಳ ನಡುವೆ ಮಲಗಿದ್ದರೂ ಅದರ ಟಗರಿನ ವಾಸನೆ ಹೋಗಿಲ್ಲ, ಅಥವಾ ಹೋಗಿಲ್ಲವೆಂದು ನನ್ನ ಮೂಗು ಹಟ ಹಿಡಿದಿದೆ. ಪ್ರತಿ ಯುಗಾದಿಗೆ ಮನೆ ಸಾರಿಸುವಾಗ ಎಸೆದುಬಿಡೋಣವೆಂದು ಹೊರಗೆ ತೆಗೆಯುತ್ತೇನೆ, ಸಂಜೆಯ ಹೊತ್ತಿಗೆ ಮತ್ತೆ ಮಡಚಿ ಒಳಗಿಡುತ್ತೇನೆ.

ಪಕ್ಕದಲ್ಲಿ ಕೂತಿದ್ದ ಮೊಮ್ಮಗಳು ಅನು ಅದನ್ನು ಎತ್ತಿಕೊಂಡು, "ಇದೇನಜ್ಜಿ?" ಎಂದಳು. "ಹೇಳ್ತೀನಿ ಇರು" ಎಂದೆ. ಹಾಗೆಂದವಳು ಎದ್ದು ಅಡುಗೆಮನೆಗೆ ಹೋಗಿ, ತೊಳೆದಿಟ್ಟ ಎರಡು ಪಾತ್ರೆಗಳನ್ನು ಮತ್ತೊಮ್ಮೆ ತೊಳೆದೆ. ಆರು ವರ್ಷದ ಮಗುವಿನ ಒಂದು ಪ್ರಶ್ನೆಗೆ ಅಜ್ಜಿಯಾದವಳು ಹೀಗೆ ತಪ್ಪಿಸಿಕೊಂಡು ಓಡಬೇಕೇ ಎಂದು ನೀವು ಕೇಳಬಹುದು. ಕಾರಣವಿದೆ.

ನನ್ನ ಮಗಳು ಶೈಲಾ ಎರಡನೆಯ ಹೆರಿಗೆಗೆಂದು ಚಿತ್ರದುರ್ಗಕ್ಕೆ, ನನ್ನ ಮನೆಗೆ ಬಂದಿದ್ದಾಳೆ. ಏಳು ತಿಂಗಳು ತುಂಬಿದೆ. ಹೊಟ್ಟೆಯೊಳಗೆ ಪಾಪು ಇದೆಯೆಂದು ಅನುವಿಗೆ ಹೇಳಿದ್ದಾರೆ. ಅನು ಅಷ್ಟಕ್ಕೆ ಸುಮ್ಮನಾಗುವ ಪೈಕಿ ಅಲ್ಲ. ಒಳಗೆ ಹೇಗೆ ಹೋಯಿತು ಎಂದು ಕೇಳಿದಳಂತೆ. ಶೈಲಾ ಆ ಗಳಿಗೆಯಲ್ಲಿ ತೋಚಿದ್ದನ್ನು ಹೇಳಿಬಿಟ್ಟಳು: ದೇವಸ್ಥಾನದಲ್ಲಿ ಪ್ರಸಾದ ಕೊಟ್ಟರು, ಬಾಳೆಹಣ್ಣು, ತಿಂದೆ, ಪಾಪು ಬಂತು. ಅಂದಿನಿಂದ ಅನು ಬಾಳೆಹಣ್ಣನ್ನು ಮುಟ್ಟುವುದಿಲ್ಲ. ಮೊನ್ನೆ ಪೂಜಾರಿ ಪ್ರೀತಿಯಿಂದ ಅಂಗೈಗೆ ಸಕ್ಕರೆ ಹಾಕಿದರೆ, ಎರಡೂ ತುಟಿ ಬಿಗಿಹಿಡಿದು, ಕಣ್ಣಲ್ಲಿ ನೀರು ತುಂಬಿಕೊಂಡು ನನ್ನ ಸೆರಗಿನ ಹಿಂದೆ ಅವಿತುಕೊಂಡಳು.

"ಅಮ್ಮ, ನೀನು ಟೀಚರ್ ಆಗಿದ್ದೋಳು. ನೀನೇ ಏನಾದ್ರೂ ಹೇಳಮ್ಮ" ಎಂದು ಶೈಲಾ ನನ್ನ ಕೊರಳಿಗೆ ಕಟ್ಟಿದಳು. ಅವಳು ಹೇಳಿದ್ದು ಸುಳ್ಳಲ್ಲ. ಪ್ರಾಥಮಿಕ ಶಾಲೆಗಳಲ್ಲಿ ಪಾಠ ಹೇಳಿ ನಿವೃತ್ತಳಾದವಳು ನಾನು. ನಮ್ಮ ಬಡಾವಣೆಯ ತಾಯಂದಿರು ಮಕ್ಕಳು ಇಂಥದ್ದು ಕೇಳಿದಾಗ ನನ್ನ ಬಳಿಗೆ ಬರುತ್ತಾರೆ. ಕುರ್ಚಿಯಲ್ಲಿ ನೆಟ್ಟಗೆ ಕೂತು, ಕನ್ನಡಕ ಸರಿಮಾಡಿಕೊಂಡು, "ಮಕ್ಕಳಿಗೆ ನಿಜ ಹೇಳ್ರಮ್ಮ, ಅವರ ವಯಸ್ಸಿಗೆ ಎಷ್ಟು ಬೇಕೋ ಅಷ್ಟು. ಕೇಳಿದ್ದಕ್ಕೆ ಮಾತ್ರ ಉತ್ತರ, ಸುಳ್ಳು ಮಾತ್ರ ಬೇಡ" ಎನ್ನುತ್ತೇನೆ. ಅವರು ತಲೆಯಾಡಿಸಿ ಕಾಫಿ ಕುಡಿದು ಹೋಗುತ್ತಾರೆ. ಬೇರೆಯವರ ಮನೆಯ ಮಕ್ಕಳಾದರೆ ನನಗೆ ಎಂಥ ಧೈರ್ಯವೆಂದರೆ ಹೇಳತೀರದು.

ಈ ಧೈರ್ಯ ಎಲ್ಲಿಂದ ಬಂತೆಂದು ಹುಡುಕಿದರೆ ಈ ಕಂಬಳಿ ತುಂಡಿಗೇ ಬಂದು ನಿಲ್ಲುತ್ತದೆ. ಅದು ಎಲ್ಲಿ ಸೋರಿಹೋಯಿತೆಂಬುದನ್ನೂ ಆಮೇಲೆ ಹೇಳುತ್ತೇನೆ, ನಾಚಿಕೆಯಾದರೂ ಸರಿ.

ನಾನು ಹುಟ್ಟಿ ಬೆಳೆದದ್ದು ಹಿರಿಯೂರು ತಾಲ್ಲೂಕಿನಲ್ಲಿ, ಧರ್ಮಪುರದ ಆಚೆ ಒಂದು ಹಟ್ಟಿಯಲ್ಲಿ. ಹತ್ತಿಪ್ಪತ್ತು ಮನೆ, ಎಲ್ಲ ಮನೆಗಳ ಹಿಂದೆ ಜಾಲಿ ಮುಳ್ಳಿನ ಬೇಲಿ ಹಾಕಿದ ಕುರಿ ರೊಪ್ಪ. ಒಂದಿಷ್ಟು ಕಡ್ಲೆಕಾಯಿ ಹೊಲ. ನಮ್ಮ ಮನೆಯಲ್ಲಿ ನಲವತ್ತು ಕುರಿ, ಅವಕ್ಕೆಲ್ಲ ಒಂದೇ ಟಗರು. ಇಷ್ಟು ಕುರಿಗಳ ನಡುವೆ ಬೆಳೆದ ಮಕ್ಕಳಿಗೆ ಮರಿ ಹೇಗೆ ಬರುತ್ತದೆಂದು ಹೇಳಿಕೊಡುವ ಅಗತ್ಯವೇನಿದೆ, ಕಣ್ಣಿಗೆ ಕಾಣುತ್ತದಲ್ಲ ಎಂದು ಪೇಟೆಯವರು ಅಂದುಕೊಳ್ಳುತ್ತಾರೆ. ಅವರಿಗೆ ನಮ್ಮ ಹದ್ದುಗಳ ವಿಷಯ ಗೊತ್ತಿಲ್ಲ.

ಮಕ್ಕಳು ನೋಡಬಾರದ್ದು ಮಂದೆಯಲ್ಲಿ ಏನಾದರೂ ನಡೆಯಿತೆನ್ನಿ, ಹತ್ತಿರವಿದ್ದ ದೊಡ್ಡವರು ತಟ್ಟನೆ ಆಕಾಶಕ್ಕೆ ಕೈ ಎತ್ತಿ, "ನೋಡಲ್ಲಿ, ಹದ್ದು" ಎನ್ನುತ್ತಿದ್ದರು. ಮರಿ ಎತ್ತಿಕೊಂಡು ಹೋಗುವ ಹದ್ದೆಂದರೆ ನಮಗೆ ಭಯ. ತಲೆಯೆತ್ತಿ ನೋಡುತ್ತಾ ನಿಲ್ಲುತ್ತಿದ್ದೆವು. ಬಿಸಿಲಿಗೆ ಕಣ್ಣು ಕಿರಿದು ಮಾಡಿ ಹುಡುಕಿ ಹುಡುಕಿ, ಕೊನೆಗೆ ಕಾಣದಿದ್ದರೂ ಕಂಡಿತೆಂದು ಒಪ್ಪಿಕೊಳ್ಳುತ್ತಿದ್ದೆವು. ಕುರಿ ಈಯುವ ಹೊತ್ತಾದರೆ ಹದ್ದು ಸಾಲದು, ಅದಕ್ಕೆ ಬಹಳ ಸಮಯ ಬೇಕು. ಆಗ "ಓಡು, ಒಂದು ಚೆಂಬು ನೀರು ತಾ" ಎನ್ನುತ್ತಿದ್ದರು. ನೀರು ತರುವಷ್ಟರಲ್ಲಿ ಮರಿ ಬಂದಿರುತ್ತಿತ್ತು. ಹೀಗಾಗಿ ಮರಿಗಳು ನೀರಿನ ಚೆಂಬನ್ನು ಕಂಡರೆ ಬರುತ್ತವೆ ಎಂದು ನಾನು ಬಹಳ ದಿನ ನಂಬಿದ್ದೆ. ಒಂದು ಸಲ ಯಾರೂ ಹೇಳದೆಯೇ ಚೆಂಬು ತುಂಬಿಕೊಂಡು ಹೋಗಿ ನಮ್ಮ ಮುದಿ ಕುರಿಯೊಂದರ ಮುಂದೆ ಅರ್ಧ ಗಂಟೆ ಕೂತಿದ್ದೆ. ಅದು ನೀರು ಕುಡಿದು ಹೋಯಿತು.

ಮನುಷ್ಯರ ಮಕ್ಕಳ ಲೆಕ್ಕವೇ ಬೇರೆ. ನನ್ನನ್ನು ಹಿರಿಯೂರು ಸಂತೆಯಲ್ಲಿ ಮೂರು ಸೇರು ತೌಡು ಕೊಟ್ಟು ತಂದದ್ದು. ನಿಮ್ಮನ್ನೂ ಹಾಗೇ ತಂದಿರುತ್ತಾರೆ, ನಮ್ಮ ಕಡೆ ಅರ್ಧ ಜನರನ್ನು ತಂದದ್ದು ತೌಡು ಕೊಟ್ಟೇ. ತಮ್ಮ ತಿಪ್ಪೇಶ ಹುಟ್ಟಿದಾಗ ಅವನಿಗೆ ಐದು ಸೇರು ಆಯಿತು ಎಂದರು. ಗಂಡೆಂದು ರೇಟು ಜಾಸ್ತಿ ಇರಬೇಕೆಂದು ಸುಮ್ಮನಾದೆ. ಆದರೂ, ಸಂತೆ ಇಲ್ಲದ ವಾರ ಅವನು ಬಂದದ್ದು ಹೇಗೆ, ಅವನು ಬಂದ ದಿನ ಸೂಲಗಿತ್ತಿ ಯಾಕೆ ಬಂದಳು, ನೆಟ್ಟಗಿದ್ದ ಅವ್ವ ಯಾಕೆ ಮಲಗಿದಳು ಎಂಬ ಅನುಮಾನಗಳು ಇದ್ದೇ ಇದ್ದವು. ಕೇಳಿದರೆ ಆಕಾಶದಲ್ಲಿ ಹದ್ದು ಬರುತ್ತಿತ್ತು.

ಎಪ್ಪತ್ತರ ದಶಕ ಅದು. ನಮ್ಮ ಶಾಲೆಯ ಹೊರಗೋಡೆಗೆ ಯಾರೋ ಬಂದು ಕುಟುಂಬ ಯೋಜನೆಯ ದೊಡ್ಡ ಕೆಂಪು ತ್ರಿಕೋನ ಬರೆದು, ಪಕ್ಕದಲ್ಲಿ ಅಪ್ಪ, ಅಮ್ಮ, ಇಬ್ಬರು ಮಕ್ಕಳ ಮುಖ ಬರೆದು ಹೋಗಿದ್ದರು. ಮಕ್ಕಳ ವಿಷಯ ಇಡೀ ಸರ್ಕಾರ ಗೋಡೆಯ ಮೇಲೆ ಮಾತಾಡುತ್ತಿತ್ತು, ಮನೆಯೊಳಗೆ ಮಾತ್ರ ಯಾರೂ ಬಾಯಿ ಬಿಡುತ್ತಿರಲಿಲ್ಲ. ಇದು ಯಾವ ಪಾಠ ಎಂದು ಮೇಷ್ಟ್ರನ್ನು ಕೇಳಿದೆವು. ಅವರು ಒಂದು ಗಳಿಗೆ ಯೋಚಿಸಿ, "ಅದು ರೇಖಾಗಣಿತ, ನಿಮಗೆ ಐದನೇ ಕ್ಲಾಸಲ್ಲಿ ಬರ್ತೈತೆ" ಎಂದರು. ಐದನೆಯ ಕ್ಲಾಸಿಗೆ ಬಂದಾಗ ನಾನು ಆ ಮುಖಗಳಿಗಾಗಿ ಪುಸ್ತಕ ತಿರುವಿ ಹಾಕಿದ್ದು ನೆನಪಿದೆ.

ಈಗ ಟಗರಿಗೆ ಬರುತ್ತೇನೆ. ನಮ್ಮ ಟಗರಿನ ಹೆಸರು ದೊರೆ. ಕಪ್ಪು ಮೈ, ಸುರುಳಿ ಕೊಂಬು. ಊರಿಗೆಲ್ಲ ಹಾಯುತ್ತಿದ್ದ ಪ್ರಾಣಿ ನನ್ನ ಹತ್ತಿರ ಮಾತ್ರ ಸಾಧು. ಕಡ್ಲೆಕಾಯಿ ಬಳ್ಳಿಯನ್ನು ನನ್ನ ಕೈಯಿಂದಲೇ ತಿನ್ನುತ್ತಿತ್ತು. ವರ್ಷದಲ್ಲಿ ಬಹಳ ತಿಂಗಳು ದೊರೆಯ ಹೊಟ್ಟೆಯ ಕೆಳಗೆ ಈ ಕಂಬಳಿ ತುಂಡು ಜೋತಾಡುತ್ತಿತ್ತು, ದಾರಗಳನ್ನು ಬೆನ್ನಿನ ಮೇಲೆ ಎಳೆದು ಗಂಟು ಹಾಕುತ್ತಿದ್ದರು. ಮುಂಗಾರಿನ ಮೊದಲ ಮಳೆಗಳು ಬಿದ್ದ ಮೇಲೆ ಅಪ್ಪ ಅದನ್ನು ಬಿಚ್ಚುತ್ತಿದ್ದ. ನನಗೆ ಎಂಟು ವರ್ಷವಾಗಿದ್ದಾಗ, ಒಂದು ಮಾಗಿಯ ಬೆಳಗ್ಗೆ, ಅಪ್ಪ ಅದನ್ನು ಕಟ್ಟುವಾಗ ಕೇಳಿದೆ.

"ಇದನ್ನ ಯಾಕೆ ಕಟ್ತೀಯಪ್ಪ?"

ಅಪ್ಪ ಮಾತು ಕಮ್ಮಿಯ ಮನುಷ್ಯ. ನಾಚಿಕೆ ಅದಕ್ಕಿಂತ ಹೆಚ್ಚು. ಅವ್ವ ಬಾಗಿಲಲ್ಲಿ ರಾಗಿ ಕೇರುತ್ತಾ ಕೂತಿದ್ದಳು, ಅವಳ ಮೊರ ನಿಂತಿತು. ಅಪ್ಪ ಗಂಟನ್ನು ಇನ್ನೊಂದು ಸಲ ಬಿಗಿದು, "ಚಳಿಗೆ" ಎಂದ.

"ಕುರಿಗಳಿಗೆ ಚಳಿ ಆಗಾದಿಲ್ವಾ?"

"ಟಗರಿಗೆ ಹೊಟ್ಟೆ ತಂಪು. ಹೋಗು, ಸ್ಕೂಲಿಗೆ ಹೊತ್ತಾತು."

ಉತ್ತರ ನನಗೆ ಒಪ್ಪಿಗೆಯಾಯಿತು. ನಮ್ಮ ತಾತನೂ ಮಾಗಿಯಲ್ಲಿ ಹೊಟ್ಟೆಗೆ ಪಂಚೆ ಸುತ್ತಿಕೊಳ್ಳುತ್ತಿದ್ದ. ಅಪ್ಪನ ಆ ಒಂದು ಮಾತಿಗೆ ಎಷ್ಟು ಬೆಲೆ ತೆರಬೇಕಾಗುತ್ತದೆಂದು ಆಗ ಅಪ್ಪನಿಗೂ ಗೊತ್ತಿರಲಿಲ್ಲ, ನನಗೂ ಗೊತ್ತಿರಲಿಲ್ಲ.

ಶಿವರಾತ್ರಿ ಕಳೆಯಿತು. ಶಾಲೆಯಲ್ಲಿ ಮೇಷ್ಟ್ರು ಋತುಗಳ ಪಾಠ ಮಾಡಿ, ಇನ್ನು ಚಳಿಗಾಲ ಮುಗಿಯಿತು, ಬೇಸಿಗೆ ಶುರು ಎಂದರು. ಅದೇ ವಾರ ಅಪ್ಪ ಹೊಸದುರ್ಗದ ಕಡೆ ಅತ್ತೆಯ ಊರಿಗೆ ಮದುವೆಗೆಂದು ಹೋದ. ಕುರಿ ಮೇಯಿಸುವ ಕೆಲಸ ತಾತನ ಪಾಲಿಗೆ ಬಂತು. ತಾತನ ಎರಡೂ ಕಣ್ಣಿಗೆ ಪೊರೆ. ಕುರಿಗಳನ್ನು ಸದ್ದಿನ ಮೇಲೆ ಕಾಯುತ್ತಿದ್ದ. ಅವ್ವ ಎಳೆಕೂಸು ತಿಪ್ಪೇಶನನ್ನು ಬೆನ್ನಿಗೆ ಕಟ್ಟಿಕೊಂಡು ಹುಣಸೆ ಬಡಿಯುವ ಕೆಲಸಕ್ಕೆ ಹೋಗುತ್ತಿದ್ದಳು. ನಾನು ಶಾಲೆಯಿಂದ ಬಂದು ನೋಡಿದರೆ ದೊರೆ ಬೇವಿನ ಮರದ ಕೆಳಗೆ ನಾಲಗೆ ಹೊರಗೆ ಹಾಕಿ ಏದುಸಿರು ಬಿಡುತ್ತಾ ನಿಂತಿದೆ. ಅಷ್ಟು ಬಿಸಿಲಲ್ಲೂ ಹೊಟ್ಟೆಗೆ ಕಂಬಳಿ. ನನಗೆ ಕರುಳು ಚುರ್ರೆಂದಿತು. ಅಪ್ಪ ಅವಸರದಲ್ಲಿ ಮರೆತುಹೋಗಿದ್ದಾನೆ ಎಂದುಕೊಂಡೆ. ಕಡ್ಲೆಕಾಯಿ ಬಳ್ಳಿ ಮುಂದಿಟ್ಟು, ನಾಲ್ಕು ಗಂಟುಗಳನ್ನೂ ಹಲ್ಲಿನಿಂದ ಕಚ್ಚಿ ಬಿಚ್ಚಿದೆ. ದೊರೆ ಮೈ ಕೊಡವಿಕೊಂಡು ನೆಗೆಯಿತು. ಕಂಬಳಿ ತುಂಡನ್ನು ಒದರಿ, ಮಡಚಿ, ಮುಂದಿನ ಮಾಗಿಗೆ ಬೇಕಾಗುತ್ತದೆಂದು ಅಟ್ಟದ ಮೇಲೆ ಇಟ್ಟೆ. ಆ ದಿನ ನನ್ನಷ್ಟು ಒಳ್ಳೆಯ ಹುಡುಗಿ ಹಟ್ಟಿಯಲ್ಲಿ ಇನ್ನೊಬ್ಬಳಿಲ್ಲ ಎಂದು ನನಗನಿಸಿತ್ತು.

ಎಂಟು ದಿನ ಬಿಟ್ಟು ಅಪ್ಪ ಬಂದ. ನನಗೆ ಬಳೆ ತಂದಿದ್ದ. ಸಂಜೆ ಕುರಿಗಳು ರೊಪ್ಪಕ್ಕೆ ಬರುವಾಗ ಬೇಲಿಯ ಬಳಿ ನಿಂತು ಒಂದೊಂದನ್ನೇ ಒಳಗೆ ಬಿಡುತ್ತಿದ್ದವನು ದೊರೆ ಬಂದೊಡನೆ ತಡೆದ. ಬಗ್ಗಿ ನೋಡಿದ.

"ಇದರ ಬಟ್ಟೆ ಎಲ್ಲೈತೆ?"

"ಅಟ್ಟದ ಮ್ಯಾಲೆ ಇಟ್ಟೀನಪ್ಪ. ಚಳಿ ಹೋಯ್ತು ಅಂತ ಮೇಷ್ಟ್ರು ಹೇಳಿದ್ರು. ಪಾಪ, ದೊರೆಗೆ ಸೆಕೆ ಆಗ್ತಿತ್ತು."

"ಯಾವಾಗ ಬಿಚ್ಚಿದ್ದು?"

"ನೀನು ಹೋದ ಮಾರನೇ ದಿನಾನೇ."

ಅಪ್ಪ ಅಲ್ಲೇ ನೆಲಕ್ಕೆ ಕುಕ್ಕರಗಾಲಲ್ಲಿ ಕೂತ. ಭೇಷ್ ಎನ್ನುತ್ತಾನೆಂದು ನಾನು ಬಳೆಯ ಕೈ ಆಡಿಸುತ್ತಾ ನಿಂತಿದ್ದೆ. ಒಳಗಿನಿಂದ ಬಂದ ಅವ್ವ ವಿಷಯ ತಿಳಿದು ಹಣೆ ಚಚ್ಚಿಕೊಂಡಳು, ಆಮೇಲೆ ಸೆರಗನ್ನು ಬಾಯಿಗೆ ಅಡ್ಡ ಹಿಡಿದುಕೊಂಡಳು. ನಗುತ್ತಿದ್ದಳೋ ಅಳುತ್ತಿದ್ದಳೋ ತಿಳಿಯಲಿಲ್ಲ.

"ಏನ್ಮಾಡಿದ್ಲು ನೋಡು ನಿನ್ನ ಮಗಳು" ಎಂದ ಅಪ್ಪ.

"ಚಳಿಗೆ ಅಂತ ಹೇಳಿದೋರು ಯಾರು?" ಎಂದಳು ಅವ್ವ.

ಅಪ್ಪ ಕಂಬಳಿ ತುಂಡನ್ನು ತರಿಸಿಕೊಂಡು ಮತ್ತೆ ಕಟ್ಟಿದ. ತಾತ ಮಾತ್ರ ಕಟ್ಟೆಯ ಮೇಲೆ ಕೂತು, "ಐದು ತಿಂಗಳು ಕಳೀಲಿ, ಗೊತ್ತಾಗ್ತೈತೆ" ಎಂದ. ಏನು ಗೊತ್ತಾಗುತ್ತದೆ ಎಂದು ನಾನು ಕೇಳಿದೆ. ತಾತ ತನ್ನ ಕುರುಡುಗಣ್ಣನ್ನು ಆಕಾಶಕ್ಕೆ ಎತ್ತಿ, ಹದ್ದು ಎಂದ.

ಏನೋ ತಪ್ಪಾಗಿದೆಯೆಂದು ಗೊತ್ತಾಯಿತು, ಏನೆಂದು ಗೊತ್ತಾಗಲಿಲ್ಲ. ಹೊಡೆದಿದ್ದರೆ ಅತ್ತು ಮರೆಯುತ್ತಿದ್ದೆ. ಅಪ್ಪ ಬೈಯಲೂ ಇಲ್ಲ. ಬೈದರೆ ಯಾಕೆಂದು ಹೇಳಬೇಕಲ್ಲ. ಬೇಸಿಗೆಯುದ್ದಕ್ಕೂ ಅವನು ಕುರಿಗಳ ಹೊಟ್ಟೆ ಮುಟ್ಟಿ ನೋಡುತ್ತಾ ಬೆರಳು ಮಡಿಸುವುದನ್ನು ನೋಡುತ್ತಿದ್ದೆ.

ನಮ್ಮ ಕಡೆಯ ಆಷಾಢವನ್ನು ಬಲ್ಲವರಿಗೆ ಹೇಳಬೇಕಾಗಿಲ್ಲ. ಮಳೆಯೆಂಬ ಮಳೆ ಇಲ್ಲ. ಗಾಳಿ ಮಾತ್ರ ಹಗಲೂ ರಾತ್ರಿ ಒಂದೇ ಸಮ ಬೀಸುತ್ತದೆ, ಜತೆಗೆ ಎಲುಬು ಕೊರೆಯುವ ಜಿಟಿಜಿಟಿ ಹನಿ. ಹುಲ್ಲು ಇನ್ನೂ ಮೇಲೆದ್ದಿರುವುದಿಲ್ಲ, ಬೇಸಿಗೆ ದಾಟಿ ಬಂದ ಕುರಿಗಳ ಕೆಚ್ಚಲಲ್ಲಿ ಹಾಲಿರುವುದಿಲ್ಲ. ಮರಿ ಹುಟ್ಟಬೇಕಾದದ್ದು ದೀಪಾವಳಿಯ ಆಸುಪಾಸು, ಹಿಂಗಾರಿನ ಹುಲ್ಲು ಮೊಣಕಾಲುದ್ದ ನಿಂತಾಗ. ಆ ವರ್ಷ ಹನ್ನೊಂದು ಕುರಿಗಳು ಆಷಾಢದ ಗಾಳಿಯಲ್ಲಿ ಈದವು. ಮರಿಗಳು ಹುಟ್ಟಿದ್ದೇ ನಡುಗುತ್ತಾ. ಎರಡು ಮರುದಿನವೇ ಸತ್ತವು. ಮೂರನೆಯದನ್ನು ಅಪ್ಪ ಹೂಳಲು ಒಯ್ಯುವಾಗ, ತಾತ ಪಕ್ಕದ ಮನೆಯವರಿಗೆ ಹೇಳಿದ್ದು ನನ್ನ ಕಿವಿಗೆ ಬಿತ್ತು: "ಅವತ್ತು ಈ ಹುಡ್ಗಿ ಆ ಬಟ್ಟೆ ಬಿಚ್ಚದೆ ಇದ್ದಿದ್ರೆ ಈ ಮರಿ ಸಾಯ್ತಿರ್ಲಿಲ್ಲ."

ಎಂಟು ವರ್ಷದ ತಲೆ ತನಗೆ ಗೊತ್ತಿದ್ದಷ್ಟರಿಂದಲೇ ಲೆಕ್ಕ ಮಾಡಿತು. ಕಂಬಳಿ ಚಳಿಗೆ ಕಟ್ಟಿದ್ದು. ನಾನು ಬಿಚ್ಚಿದೆ. ದೊರೆಯ ಹೊಟ್ಟೆಗೆ ಚಳಿ ಹೊಕ್ಕಿತು. ಆ ಚಳಿಯೇ ಮಂದೆಗೆಲ್ಲ ಹರಡಿ, ಮರಿಗಳು ನಡುಗಿ ನಡುಗಿ ಸಾಯುತ್ತಿವೆ. ಕೊಂದವಳು ನಾನು. ಇದರಲ್ಲಿ ತಪ್ಪು ಹುಡುಕಿ ನೋಡೋಣ. ಅಪ್ಪ ಹೇಳಿದ ಮಾತು ನಿಜವಾಗಿದ್ದರೆ ಲೆಕ್ಕ ಸರಿಯಾಗಿಯೇ ಇದೆ.

ಊಟ ಸೇರಲಿಲ್ಲ. ಹೊಟ್ಟೆನೋವೆಂದೆ. ಅವ್ವ ಓಮಿನ ನೀರು ಕುಡಿಸಿದಳು. ಮೂರು ದಿನ ಹಾಗೇ ನಡೆಯಿತು. ನಾಲ್ಕನೆಯ ದಿನ ಬೆಳಗ್ಗೆ, ಬೆಳಕು ಹರಿದ ಮೇಲೆ, ಅಪ್ಪ ರೊಪ್ಪಕ್ಕೆ ಬಂದಾಗ ನಾನು ಮೂಲೆಯಲ್ಲಿ ಕೂತಿದ್ದೆ. ತೊಡೆಯ ಮೇಲೆ ಹಿಂದಿನ ದಿನ ಹುಟ್ಟಿದ ಬಿಳಿ ಮರಿ. ಈಗ ದೊರೆಗೆ ಬೇಡವಾಗಿ ಗೂಟಕ್ಕೆ ನೇತುಹಾಕಿದ್ದ ಕಂಬಳಿ ತುಂಡನ್ನು ಅದರ ಹೊಟ್ಟೆಗೆ ಸುತ್ತಿ ನಾಲ್ಕೂ ದಾರ ಕಟ್ಟಿದ್ದೆ. ನನ್ನ ಲಂಗ, ಮೈಯೆಲ್ಲ ಒದ್ದೆ.

"ಅಪ್ಪ, ಇನ್ಮ್ಯಾಲೆ ಯಾವತ್ತೂ ಬಿಚ್ಚಲ್ಲ. ಇದೊಂದು ಸಾಯ್ಬ್ಯಾಡ ಅಂತ ಹೇಳಪ್ಪ" ಎಂದೆ.

ಅಪ್ಪನ ಹಿಂದಿನಿಂದ ಚೆಂಬು ಹಿಡಿದು ಬಂದ ಅವ್ವ ನನ್ನನ್ನೂ ಮರಿಯನ್ನೂ ನೋಡಿದಳು. ಅವಳ ದನಿ ಗಟ್ಟಿಯಾಗಿತ್ತು.

"ಮೂರು ದಿನದಿಂದ ಅನ್ನ ಬಿಟ್ಟಾಳೆ. ಹೇಳ್ರಿ ಅದಕ್ಕೆ. ಸುಳ್ಳು ಹೇಳಿದೋರು ನೀವು, ನೀವೇ ಹೇಳ್ರಿ."

ಅಪ್ಪ ನನ್ನ ಪಕ್ಕ ಕೂತ. ಹೆಗಲ ಮೇಲಿನ ಕಂಬಳಿ ತೆಗೆದು ನನಗೆ ಹೊದಿಸಿದ. ಅವನ ಕೈ ಮೆಲ್ಲಗೆ ಮೇಲೆ ಎದ್ದಿತು. ಈಗ ಹದ್ದು ಎನ್ನುತ್ತಾನೆ ಎಂದುಕೊಂಡು ನಾನು ಆಗಲೇ ತಲೆ ಎತ್ತಿದ್ದೆ. ಮೋಡ ಮುಚ್ಚಿದ ಆಕಾಶದಲ್ಲಿ ಏನೂ ಇರಲಿಲ್ಲ. ಅಪ್ಪ ಕೈ ಇಳಿಸಿ ಮರಿಯ ತಲೆಯ ಮೇಲೆ ಇಟ್ಟ.

"ಚಳಿಗಲ್ಲ ಮಗಾ" ಎಂದ. "ಆ ಬಟ್ಟೆ ಚಳಿಗೆ ಕಟ್ಟಾದಲ್ಲ. ನಾನು ಸುಳ್ಳು ಹೇಳಿದ್ದೆ."

ಅಪ್ಪಂದಿರು ಸುಳ್ಳು ಹೇಳುತ್ತಾರೆಂಬುದೇ ನನಗೆ ಹೊಸ ಸುದ್ದಿ. ಅವನು ನೆಲ ನೋಡುತ್ತಾ, ಒಂದೊಂದೇ ಮಾತನ್ನು ಹೆಕ್ಕಿ ಹೇಳಿದ. ಟಗರೂ ಕುರಿಯೂ ಸೇರಿದರೆ ಕುರಿ ಗಬ್ಬವಾಗುತ್ತದೆ. ಮರಿ ತಾಯಿಯ ಹೊಟ್ಟೆಯಲ್ಲಿ ಐದು ತಿಂಗಳು ಬೆಳೆಯುತ್ತದೆ. ಹೊತ್ತಲ್ಲದ ಹೊತ್ತಿನಲ್ಲಿ ಸೇರಿದರೆ ಹೊತ್ತಲ್ಲದ ಹೊತ್ತಿನಲ್ಲಿ ಮರಿ. ಹಾಗಾಗದಿರಲಿ ಎಂದು ಟಗರಿಗೆ ಅಡ್ಡ ಬಟ್ಟೆ. ಅಷ್ಟೇ.

"ನೀನು ಯಾವ ಮರೀನೂ ಕೊಂದಿಲ್ಲ. ಅವತ್ತೇ ನಾನು ನಿಜ ಹೇಳಿದ್ರೆ ನೀನು ಬಿಚ್ಚುತಿರ್ಲಿಲ್ಲ. ತಪ್ಪು ನಂದು."

ನಾನು ಜೋರಾಗಿ ಅತ್ತೆ. ಅಷ್ಟು ದಿನದ ಭಾರ ಇಳಿದ ಅಳು ಅದು. ಅತ್ತು ಮುಗಿಸಿ ಮೂಗು ಒರೆಸಿಕೊಂಡು, "ಹಂಗಾರೆ ತಿಪ್ಪೇಶ?" ಎಂದೆ. ಅಪ್ಪ ಸೋತವನಂತೆ ಅವ್ವನ ಮುಖ ನೋಡಿದ.

"ಕುರಿ ತನಕ ನೀವು ಹೇಳಿದ್ರಲ್ಲ, ಸಾಕು. ಮುಂದಿಂದು ನಾನು ಹೇಳ್ತೀನಿ" ಎಂದಳು ಅವ್ವ. ಅಷ್ಟರಲ್ಲಿ ಇನ್ನೊಂದು ಕುರಿ ಕಾಲು ಕೆರೆಯಲು ಶುರುಮಾಡಿತು. ನಾನು ಅಭ್ಯಾಸಬಲದಿಂದ ನೀರು ತರಲು ಎದ್ದೆ. ಅಪ್ಪ ನನ್ನ ಕೈ ಹಿಡಿದು, "ಕುಂತ್ಕ. ನೀರು ಐತೆ" ಎಂದ. ಮರಿ ಬರುವುದನ್ನು ನಾನು ಮೊದಲ ಸಲ ನೋಡಿದ್ದು ಅಂದು. ಮೊದಲು ಎರಡು ಗೊರಸು, ಆಮೇಲೆ ಮೂಗು. ತಾಯಿ ತಿರುಗಿ ನೆಕ್ಕಿದ್ದು, ಮರಿ ನಾಲ್ಕು ಸಲ ಬಿದ್ದು ಐದನೆಯ ಸಲ ನಿಂತದ್ದು. ಇಷ್ಟು ಚೆಂದದ್ದನ್ನು ಬಚ್ಚಿಟ್ಟು ನನಗೆ ಇಲ್ಲದ ಹದ್ದನ್ನು ತೋರಿಸುತ್ತಿದ್ದರಲ್ಲ ಎಂದು ನನಗೆ ಸಿಟ್ಟೇ ಬಂತು.

ಅವ್ವ ಮಾತು ಉಳಿಸಿಕೊಂಡಳು. ಆ ಭಾನುವಾರ ಎಣ್ಣೆ ಹಚ್ಚಿ ತಲೆ ಬಾಚುತ್ತಾ ಹೇಳಿದಳು. ಅವಳು ಹಿಂದೆ, ನಾನು ಮುಂದೆ. ಮುಖ ನೋಡಬೇಕಾಗಿರಲಿಲ್ಲ, ಅದರಿಂದ ಇಬ್ಬರಿಗೂ ಅನುಕೂಲವಾಯಿತು. ತೌಡು ಸುಳ್ಳು, ನಾನೂ ತಿಪ್ಪೇಶನೂ ಇದ್ದದ್ದು ಅವಳ ಹೊಟ್ಟೆಯಲ್ಲೇ. ಗಂಡ ಹೆಂಡಿರ ವಿಷಯವನ್ನು ಎರಡು ಮಾತಿನಲ್ಲಿ ಹೇಳಿ ಮುಗಿಸಿದಳು. ನನಗೆ ಅದಕ್ಕಿಂತ ಮೂರು ಸೇರು ತೌಡಿನ ಕತೆಯೇ ಹೆಚ್ಚು ಸೋಜಿಗದ್ದೆನಿಸಿತು. ಆಮೇಲೆ, ಇನ್ನು ನಾಲ್ಕೈದು ವರ್ಷಕ್ಕೆ ನನಗೂ ತಿಂಗಳಿಗೊಮ್ಮೆ ರಕ್ತ ಹೋಗುತ್ತದೆ ಎಂದಳು. "ಹೆದರ್ಕಬ್ಯಾಡ. ಅದು ರೋಗ ಅಲ್ಲ, ಪಾಪ ಅಲ್ಲ. ನಂಗೆ ಯಾರೂ ಹೇಳಿರ್ಲಿಲ್ಲ. ಸಾಯ್ತೀನಿ ಅನ್ಕಂಡು ಇಡೀ ದಿನ ಜ್ವಾಳದ ಹೊಲದಾಗೆ ಅವಿತ್ಕಂಡಿದ್ದೆ." ಮುಟ್ಟಾದವರನ್ನು ಹಟ್ಟಿಯ ಹೊರಗಿನ ಗುಡಿಸಲಲ್ಲಿ ಕೂರಿಸುತ್ತಿದ್ದ ಕಾಲ. ಹಾಗಾದರೆ ಅದೇಕೆ ಎಂದು ಕೇಳಿದೆ. "ಅದು ಜನ ಮಾಡಿದ್ದು ಕಣೇ, ಮೈ ಮಾಡಿದ್ದಲ್ಲ" ಎಂದಳು.

ಜಡೆಯ ತುದಿಗೆ ಟೇಪು ಕಟ್ಟುವಾಗ ಇನ್ನೊಂದು ಮಾತು ಸೇರಿಸಿದಳು. "ನಿನ್ನ ಮೈ ನಿಂದು. ಯಾರಾದ್ರೂ ಕೈ ಹಾಕಿ, ನಿಂಗೆ ಬ್ಯಾಡ ಅನಿಸಿದ್ರೆ, ಅವ್ರು ನೆಂಟರೇ ಆಗ್ಲಿ, ದೊಡ್ಡ ಮನುಷ್ಯರೇ ಆಗ್ಲಿ, ಕೂಗ್ಕಂಡು ನನ್ನ ಹತ್ರ ಬಾ. ಯಾರಿಗೂ ಹೇಳ್ಬ್ಯಾಡ ಅಂದ್ರೆ, ಮೊದ್ಲು ನಂಗೇ ಹೇಳು. ನಾನು ನಿನ್ನ ಬಯ್ಯಾದಿಲ್ಲ." ಶಾಲೆಯ ಮೆಟ್ಟಿಲು ಹತ್ತದ ಹೆಂಗಸು ಅವಳು. ಈ ಮಾತನ್ನು ಆಮೇಲೆ ನಾನು ಎಷ್ಟು ತರಗತಿಗಳಲ್ಲಿ, ಎಷ್ಟು ತಾಯಂದಿರಿಗೆ ಹೇಳಿದೆನೋ ಲೆಕ್ಕವಿಲ್ಲ. ಒಂದು ಅಕ್ಷರವನ್ನೂ ಬದಲಾಯಿಸುವ ಅಗತ್ಯ ಬೀಳಲಿಲ್ಲ.

ಹನ್ನೊಂದರಲ್ಲಿ ನಾಲ್ಕು ಮರಿ ಹೋದವು, ಏಳು ಉಳಿದವು. ನಾನು ಕಂಬಳಿ ಸುತ್ತಿದ ಬಿಳಿ ಮರಿ ಉಳಿಯಿತು. ಚಳಿಗಲ್ಲ ಎಂದು ಅಪ್ಪ ಹೇಳಿದ ಕಂಬಳಿ ಒಂದು ಸಲವಾದರೂ ಚಳಿಗೆ ಆಯಿತು. ದೀಪಾವಳಿ ಕಳೆದ ಮೇಲೆ ದೊರೆಗೆ ಮತ್ತೆ ಬಟ್ಟೆ ಕಟ್ಟುವಾಗ ಅಪ್ಪ ನನ್ನನ್ನು ಕರೆದು ದಾರ ಹಿಡಿಸಿದ. ಮದುವೆಯಾಗಿ ಹೊರಟಾಗ ಇದನ್ನು ನಾನು ಕೇಳಿಯೇ ತಂದೆ. ಅವ್ವ ಕೊಟ್ಟ ಸೀರೆಗಳೆಲ್ಲ ಹರಿದುಹೋದವು, ಇದು ಇದೆ.

ಈಗ ನಾಚಿಕೆಯ ಭಾಗ. ಇಂಥ ಅಪ್ಪ, ಇಂಥ ಅವ್ವನ ಮಗಳಾದ ನಾನು ಶೈಲಾಳಿಗೆ ಏನು ಹೇಳಿದೆ? ಏನೂ ಇಲ್ಲ. ಅವಳು ಚಿಕ್ಕವಳಿದ್ದಾಗ ಕೇಳಿದರೆ ಆಮೇಲೆ ಎನ್ನುತ್ತಿದ್ದೆ. ಹನ್ನೊಂದು ತುಂಬಿದಾಗ, ಹೆಣ್ಣುಮಕ್ಕಳ ಆರೋಗ್ಯದ ಒಂದು ಪುಟ್ಟ ಪುಸ್ತಕವನ್ನು ಅವಳ ದಿಂಬಿನ ಕೆಳಗೆ ಇಟ್ಟು, ಬೇಕಿಲ್ಲದಿದ್ದರೂ ತರಕಾರಿ ತರಲು ಹೋದೆ. ಒಂದು ಗಂಟೆ ಬಿಟ್ಟು ಎರಡು ಕೆಜಿ ಬದನೆಕಾಯಿ ಹೊತ್ತುಕೊಂಡು ಬಂದೆ. ಅವಳು ಓದಿದಳೋ ಇಲ್ಲವೋ ಕೇಳಲಿಲ್ಲ. ಅವಳು ದೊಡ್ಡವಳಾದದ್ದು ಹಾಸ್ಟೆಲಿನಲ್ಲಿ. ಸ್ನಾನದ ಮನೆಯ ಬಾಗಿಲು ಹಾಕಿಕೊಂಡು ಒಬ್ಬಳೇ ಅತ್ತಳೆಂದು ವಾರ್ಡನ್ ಹೇಳಿದರು. ನನ್ನ ಅವ್ವನಿಗೆ ಜೋಳದ ಹೊಲವಾದರೂ ಇತ್ತು.

ಬಹಳ ವರ್ಷಗಳ ಮೇಲೆ ಶೈಲಾ ಒಮ್ಮೆ ಜಗಳವಿಲ್ಲದೆ, ಬಟ್ಟೆ ಮಡಚುತ್ತಾ ಹೇಳಿದಳು: "ನೀನು ಇಡೀ ಶಾಲೆಗೆ ಹೇಳ್ತಿದ್ದೆ ಕಣಮ್ಮ. ನಂಗೊಬ್ಳಿಗೆ ಹೇಳ್ಲಿಲ್ಲ." ಆ ಮಾತು ಇವತ್ತಿಗೂ ನನ್ನನ್ನು ಬಿಟ್ಟಿಲ್ಲ. ಅವಳ ಬಾಯಿಗೆ ಬಾಳೆಹಣ್ಣಿನ ಸುಳ್ಳು ಯಾಕೆ ಬಂತೆಂದು ಯಾರು ಕೇಳಿದರೂ, ಉತ್ತರ ನನ್ನ ಹತ್ತಿರವೇ ಇದೆ.

ಪಾತ್ರೆಗಳನ್ನು ಎಷ್ಟು ಹೊತ್ತು ತೊಳೆಯಲು ಸಾಧ್ಯ? ಕೈ ಒರೆಸಿಕೊಂಡು ಹೊರಗೆ ಬಂದೆ. ಅನು ಟ್ರಂಕಿನ ಪಕ್ಕದಲ್ಲೇ ಕೂತು, ಕಂಬಳಿ ತುಂಡನ್ನು ತನ್ನ ಹೊಟ್ಟೆಗೆ ಸುತ್ತಿಕೊಂಡು, ದಾರಗಳನ್ನು ಹಿಂದಕ್ಕೆ ಎಳೆದು ಕಟ್ಟಿಕೊಳ್ಳಲು ಒದ್ದಾಡುತ್ತಿದ್ದಳು. ಒಳಗೆ ಶೈಲಾ ಒಲೆಯ ಮುಂದೆ ನಿಂತು ನಮಗೆ ಬೆನ್ನು ಹಾಕಿ ಏನೋ ಕಲಕುತ್ತಿದ್ದಳು.

"ಅಜ್ಜಿ, ಇದು ಚಳಿಗಾ?" ಎಂದಳು ಅನು.

ಎಷ್ಟು ಸುಲಭ. ಹೂಂ ಎಂದರೆ ಮುಗಿಯಿತು. ಮಗು ತಾನೇ ಉತ್ತರ ಹುಡುಕಿಕೊಂಡು ನನ್ನ ಮುಂದೆ ಹಿಡಿದಿದೆ. ನನ್ನ ಕಣ್ಣು ಮೇಲಕ್ಕೆ ಹೋಯಿತು. ಅಲ್ಲಿ ಫ್ಯಾನು ತಿರುಗುತ್ತಿತ್ತು.

ಮೊಣಕಾಲು ನೋವನ್ನು ಬೈದುಕೊಂಡು ನೆಲಕ್ಕೆ ಕೂತೆ. ಅನುವನ್ನು ತೊಡೆಗೆ ಎಳೆದುಕೊಂಡೆ.

"ಚಳಿಗಲ್ಲ ಮಗಾ" ಎಂದೆ. "ಬಾಳೆಹಣ್ಣಿಂದ ಪಾಪು ಬರೋದೂ ಇಲ್ಲ. ಹೇಳ್ತೀನಿ, ಕೇಳು."

ಅಡುಗೆಮನೆಯಲ್ಲಿ ಒಲೆ ಆರಿಸಿದ ಸದ್ದಾಯಿತು. ಶೈಲಾ ಒಂದು ಕೈಯಲ್ಲಿ ಸೊಂಟ ಹಿಡಿದುಕೊಂಡು, ಗೋಡೆ ಹಿಡಿದು ನಿಧಾನವಾಗಿ ಬಂದು ನನ್ನ ಪಕ್ಕದಲ್ಲಿ ಕೂತಳು.

"ಶುರುವಿಂದ ಹೇಳಮ್ಮ" ಎಂದಳು. "ನಾನೂ ಕೇಳ್ತೀನಿ."